ಕಪ್ಪೆಗಣ್ಣಿನ ಕಾರಿನಲ್ಲಿ ಸರೋಜತ್ತೆ

ನಮ್ಮ ಮನೆಯ ಗಡಿಯಾರಗಳೆಲ್ಲ ಹತ್ತು ನಿಮಿಷ ಮುಂದಿರುತ್ತವೆ. ಕೆಟ್ಟು ಹೋಗಿ ಅಲ್ಲ, ನಾವೇ ತಿರುಗಿಸಿ ಇಟ್ಟದ್ದು. ನಮ್ಮಜ್ಜ ಉಡುಪಿ ಕಡೆಯಿಂದ ಚೆನ್ನೈಗೆ ಬಂದು ಪುರಸೈವಾಕ್ಕಂನಲ್ಲಿ ಹೋಟೆಲು ತೆರೆದ ಕಾಲದಿಂದ ನಡೆದು ಬಂದ ಪದ್ಧತಿ. ಬೆಳಗಿನ ಮೊದಲ ಗಿರಾಕಿ ಬಾಗಿಲಿಗೆ ಬರುವ ಮುಂಚೆ ಡಿಕಾಕ್ಷನ್ ಇಳಿದಿರಬೇಕು, ಇಡ್ಲಿ ಪಾತ್ರೆಯಲ್ಲಿ ಹಬೆ ಎದ್ದಿರಬೇಕು. ತಡ ಮಾಡುವುದು ನಮ್ಮ ಮನೆಯಲ್ಲಿ ಕಳ್ಳತನಕ್ಕಿಂತ ದೊಡ್ಡ ಅಪರಾಧ. ಇದರ ಫಲವಾಗಿ ನಾನು ಎಲ್ಲಿಗೂ ಹೊತ್ತಿಗೆ ಸರಿಯಾಗಿ ಹೋದವನಲ್ಲ. ಮದುವೆಗೆ ಹೋದರೆ ಚಪ್ಪರದವರು ಇನ್ನೂ ಏಣಿಯ ಮೇಲಿರುತ್ತಾರೆ. ಸೆಂಟ್ರಲ್ ಸ್ಟೇಷನ್ನಿಗೆ ಹೋದರೆ ನನ್ನ ರೈಲಿಗಿಂತ ಹಿಂದಿನ ರೈಲೂ ಇನ್ನೂ ಹೊರಟಿರುವುದಿಲ್ಲ. ನಿನ್ನೆ ಹಲ್ಲಿನ ಡಾಕ್ಟರ ಹತ್ತಿರ ಹೋಗಿದ್ದೆ. ನೆಲ ಒರೆಸುತ್ತಿದ್ದ ಹೆಂಗಸು ತಲೆಯೆತ್ತಿ ನೋಡಿ, "ಎನ್ನ ಸಾರ್, ನೈಟ್ ಇಂಗೇಯೇ ತೂಂಗಿನೀಂಗಳಾ?" ಎಂದು ಕೇಳಿದಳು. ರಾತ್ರಿ ಇಲ್ಲೇ ಮಲಗಿದ್ದಿರಾ ಎಂದು! ನಾನು ನಕ್ಕು ಬೆಂಚಿನ ಮೇಲೆ ಕೂತು ಕೈಗಡಿಯಾರ ನೋಡಿಕೊಂಡೆ. ಅದೂ ಹತ್ತು ನಿಮಿಷ ಮುಂದೆ. ಕಳೆದ ಫೆಬ್ರವರಿಯಲ್ಲಿ ಇದೇ ಗಡಿಯಾರ ಒಂದು ಸಂಸಾರದ ಎದೆಬಡಿತವನ್ನೇ ನಿಲ್ಲಿಸುವುದರಲ್ಲಿತ್ತು. ಡಾಕ್ಟರು ಬರುವವರೆಗೆ ಬೇರೆ ಕೆಲಸವೂ ಇರಲಿಲ್ಲ, ಅದನ್ನೆಲ್ಲ ಮತ್ತೆ ನೆನೆಸಿಕೊಂಡೆ. ನಿಮಗೂ ಹೇಳುತ್ತೇನೆ, ಅವಸರವಿಲ್ಲ ತಾನೆ?

ಜಗತ್ತಿನಲ್ಲಿ ಬೇಗ ಬಂದವರಿಗೆ ದಂಡ ಹಾಕುವ ಜಾಗವೊಂದಿದೆ, ಗೊತ್ತೇ? ಹಳೆಯ ಕಾರುಗಳ ರ್ಯಾಲಿ. ರ್ಯಾಲಿ ಎಂದರೆ ಯಾರು ಮೊದಲು ಬಂದರು ಎಂಬ ಲೆಕ್ಕ ಎಂದು ನಾನೂ ಬಹಳ ಕಾಲ ತಿಳಿದಿದ್ದೆ. ಈ ಬಗೆಯ ರ್ಯಾಲಿಯಲ್ಲಿ ಹಾಗಲ್ಲ. ಇಂಥ ದಾರಿಯನ್ನು ಇಂಥ ವೇಗದಲ್ಲಿ ದಾಟಿ, ಇಂಥ ನಿಮಿಷಕ್ಕೆ ಬಂದು ಮುಟ್ಟಬೇಕು ಎಂದು ಒಂದು ದಾರಿಪುಸ್ತಕ ಕೊಡುತ್ತಾರೆ. ನಡುವೆ ಎಲ್ಲೋ ಮರದ ಹಿಂದೆ, ಚಹಾ ಅಂಗಡಿಯ ಪಕ್ಕದಲ್ಲಿ ಪರೀಕ್ಷಕರು ಕೂತಿರುತ್ತಾರೆ. ತಡವಾದರೆ ದಂಡ, ಬೇಗ ಬಂದರೆ ಅದರ ಎರಡು ಪಟ್ಟು ದಂಡ! ಒಂದು ಕಾರಿಗೆ ಇಬ್ಬರು. ಒಬ್ಬರು ಓಡಿಸಬೇಕು, ಇನ್ನೊಬ್ಬರು ಪಕ್ಕದಲ್ಲಿ ಕೂತು ದಾರಿಯನ್ನೂ ಹೊತ್ತನ್ನೂ ಹೇಳಬೇಕು. ನಮ್ಮ ಅನಂತ ಮಾವನೂ ಸರೋಜತ್ತೆಯೂ ವರ್ಷಾನುಗಟ್ಟಲೆ ಇದರಲ್ಲಿ ಭಾಗವಹಿಸಿದರು. ಪ್ರತಿ ಸಲವೂ ಬೇಗ ಹೋಗಿ ಹೋಗಿ ದಂಡ ತಿಂದರು. ಹೋಟೆಲಿನವರಿಗೆ ಬೇಗ ಹೋಗಬೇಡಿ ಎಂದರೆ ಹೇಗಾದೀತು, ಹೇಳಿ!

ಸರೋಜತ್ತೆ ನನ್ನ ಅಪ್ಪನ ಕಿರಿಯ ತಂಗಿ. ಎಪ್ಪತ್ತು ದಾಟಿ ಕೆಲವು ವರ್ಷಗಳಾದವು. ಎಷ್ಟು ಎಂದು ಕೇಳಿದರೆ, "ನಿಂಗೆಂತಕ್ಕೆ, ಜಾತಕ ಬರೆಸ್ಲಿಕ್ಕುಂಟಾ?" ಎನ್ನುತ್ತಾಳೆ. ಕಡ್ಡಿಯಂಥ ಮೈ, ಕಂಚಿನಂಥ ಗಂಟಲು. ಅವಳ ಗಂಡ ಅನಂತ ಮಾವ ಕೀಲ್ಪಾಕಿನಲ್ಲಿ ನಮ್ಮ ಹೋಟೆಲಿನ ಶಾಖೆ ನೋಡಿಕೊಳ್ಳುತ್ತಿದ್ದವರು. ಆದರೆ ಅವರ ಪ್ರಾಣ ಇದ್ದದ್ದು ಹೋಟೆಲಿನ ಹಿಂದಿನ ಷೆಡ್ಡಿನಲ್ಲಿ. ಊರು ಬಿಟ್ಟು ಹೊರಟಿದ್ದ ಯಾವನೋ ಬಿಳಿ ಸಾಹೇಬನಿಂದ ಮಾವ ಪ್ರಾಯದಲ್ಲಿ ಕೊಂಡಿದ್ದ ಪುಟ್ಟ ಬ್ರಿಟಿಷ್ ಕಾರು ಅಲ್ಲಿತ್ತು. ಹೆಸರು ಸ್ಪ್ರೈಟ್. ಆ ಹೆಸರು ಹೇಳಿದರೆ ನನ್ನ ಮಗಳು ಕಾವ್ಯ ಫ್ರಿಜ್ ಕಡೆ ನೋಡುತ್ತಾಳೆ.

ಆ ಕಾರನ್ನು ನೀವು ನೋಡಬೇಕಿತ್ತು. ಕಡುಹಸಿರು ಬಣ್ಣ, ಎರಡೇ ಸೀಟು, ತಲೆಯ ಮೇಲೆ ಆಕಾಶ. ಎರಡು ದೀಪಗಳು ಮೂತಿಯ ಮೇಲೆ ಕಪ್ಪೆಯ ಕಣ್ಣಿನ ಹಾಗೆ ಮೇಲಕ್ಕೆ ಉಬ್ಬಿಕೊಂಡಿವೆ. ದೀಪಗಳನ್ನು ಮಡಚಿ ಒಳಗೆ ಸೇರಿಸುವ ಉಪಾಯ ಮಾಡಿದ್ದರಂತೆ, ಖರ್ಚು ಜಾಸ್ತಿಯಾಯಿತು ಎಂದು ಹಾಗೇ ಬಿಟ್ಟರಂತೆ. ಬಾಗಿಲಿಗೆ ಹೊರಗಡೆ ಹಿಡಿಯೇ ಇಲ್ಲ, ಕೈ ಒಳಗೆ ಹಾಕಿ ತೆಗೆಯಬೇಕು. ಇನ್ನೂ ದೊಡ್ಡ ಸೋಜಿಗ ಕೇಳಿ, ಡಿಕ್ಕಿಗೆ ಮುಚ್ಚಳವೇ ಇಲ್ಲ! ಹಿಂದೆ ಇಟ್ಟ ಬದಲಿ ಚಕ್ರ ಬೇಕೆಂದರೆ ಸೀಟಿನ ಬೆನ್ನು ಮಡಚಿ, ಆ ಸಂದಿಯಲ್ಲಿ ತೂರಿ ಹೋಗಿ ಎಳೆದು ತರಬೇಕು. ಚಿಕ್ಕಂದಿನಲ್ಲಿ ನನ್ನನ್ನೇ ತಲೆ ಮುಂದಾಗಿ ಒಳಗೆ ಬಿಡುತ್ತಿದ್ದರು. ಒಳಗೆ ರಬ್ಬರಿನ, ಗ್ರೀಸಿನ, ಕಾದ ತಗಡಿನ ವಾಸನೆ. ಒಂದು ಸಲ ಅಲ್ಲೇ ನಿದ್ದೆ ಹೋದೆನಂತೆ. ಮನೆಯವರೆಲ್ಲ ನನ್ನನ್ನು ಪುರಸೈವಾಕ್ಕಂ ಬೀದಿಯ ಜವಳಿ ಅಂಗಡಿಗಳಲ್ಲೆಲ್ಲ ಹುಡುಕುತ್ತಿದ್ದಾಗ ನಾನು ಕಾರಿನ ಹೊಟ್ಟೆಯಲ್ಲಿ ಗೊರಕೆ ಹೊಡೆಯುತ್ತಿದ್ದೆ. ಈಗ ನನ್ನ ಹೊಟ್ಟೆಯೊಳಗೆ ಆ ಕಾರನ್ನೇ ಇಡಬಹುದು, ಆ ಮಾತು ಬೇರೆ.

ಮಾವ ಪೆಟ್ರೋಲನ್ನು ಡಿಕಾಕ್ಷನ್ ಬಟ್ಟೆಯಲ್ಲಿ ಸೋಸಿ ತುಂಬುತ್ತಿದ್ದರು. ಒಂದು ಬೆಳಿಗ್ಗೆ ಬಟ್ಟೆ ಅದಲು ಬದಲಾಗಿ, ಹೋಟೆಲಿನಲ್ಲಿ ಗಿರಾಕಿಗಳೆಲ್ಲ ಕಾಫಿಯ ಲೋಟ ಮೂಸಿ ನೋಡಿ ಕೆಳಗಿಟ್ಟರು. ಅಜ್ಜ ಅಳಿಯನನ್ನು ಕರೆದು ಬೈದರು. ಮಾವ ತಲೆ ತಗ್ಗಿಸಿ ಎಲ್ಲವನ್ನೂ ಕೇಳಿಸಿಕೊಂಡು, ಕೊನೆಗೆ, "ಕಾರು ಮಾತ್ರ ಚೆನ್ನಾಗಿ ಓಡಿತು ಮಾವಯ್ಯ" ಎಂದರಂತೆ. ಆಮೇಲೆ ಆರು ತಿಂಗಳು ಅಜ್ಜ ಅವರ ಹತ್ತಿರ ಮಾತಾಡಲಿಲ್ಲ.

ಶೋಲಾವರಂಗೆ ನನ್ನನ್ನು ಮೊದಲ ಸಲ ಕರೆದುಕೊಂಡು ಹೋದದ್ದು ನನಗೆ ಎಂಟೋ ಒಂಬತ್ತೋ ಇದ್ದಾಗ. ಊರಾಚೆ ಯುದ್ಧಕಾಲದ ವಿಮಾನ ಪಟ್ಟಿ, ಅದರ ಮೇಲೆ ಕಾರುಗಳ ರೇಸು. ಹುಲ್ಲಿನ ಮೂಟೆ, ತಾರಿನ ಡ್ರಮ್ಮು, ಬಿಸಿಲಿಗೆ ಟವಲು ಹೊದ್ದ ಸಾವಿರಾರು ಜನ. ಅಪ್ಪನ ಹೆಗಲ ಮೇಲೆ ಕೂತು ಪುಳಿಯೋಗರೆ ಪೊಟ್ಟಣ ಕೈಯಲ್ಲಿ ಹಿಡಿದ ನಾನು ಒಂದು ತುತ್ತೂ ತಿನ್ನಲಿಲ್ಲ. ಗುಡುಗುಡು ಎಂದು ದೊಡ್ಡ ದೊಡ್ಡ ಕಾರುಗಳು ನೆಟ್ಟನೆಯ ದಾರಿಯಲ್ಲಿ ಮಾವನ ಕಪ್ಪೆಯನ್ನು ಹಿಂದೆ ಹಾಕಿ ಹಾರಿ ಹೋದವು. ನಾನು ಅಳಲು ಶುರುಮಾಡಿದೆ. ಆಮೇಲೆ ತಿರುವು ಬಂತು. ದೊಡ್ಡವರೆಲ್ಲ ಬ್ರೇಕು ಒತ್ತಿ ಏದುಸಿರು ಬಿಡುತ್ತಿರುವಾಗ ಈ ಪುಟ್ಟ ಹಸಿರು ವಸ್ತು ಒಳಮಗ್ಗುಲಲ್ಲಿ ನುಸುಳಿ, ಒಬ್ಬರು, ಇಬ್ಬರು, ಮೂವರನ್ನು ದಾಟಿ ಹೊರಗೆ ಬಂತು! ಜನ ಎದ್ದು ನಿಂತು ಕಿರುಚಿದರು. ನಾನೂ ಕಿರುಚಿದೆ, ಅಪ್ಪನ ಕೂದಲು ಹಿಡಿದು ಎಳೆದೆ. ದೇವಸ್ಥಾನದಲ್ಲಿ ಮಂಗಳಾರತಿಯ ಹೊತ್ತಿಗೆ ಬಾರದ ರೋಮಾಂಚ ನನಗೆ ಆ ತಿರುವಿನಲ್ಲಿ ಬಂತು, ಸುಳ್ಳು ಯಾಕೆ ಹೇಳಲಿ. ಮುಂದಿನ ಸುತ್ತಿನಲ್ಲಿ ಮಾವ ಬುಗುರಿಯ ಹಾಗೆ ತಿರುಗಿ ಹುಲ್ಲಿನ ಮೂಟೆಯೊಳಗೆ ಹೊಕ್ಕರು. ಮೂಗಿನ ತುಂಬ ಹುಲ್ಲು ಇಟ್ಟುಕೊಂಡು ನಗುತ್ತ ಎದ್ದು ಬಂದರು. ಅತ್ತೆ ಒಂದು ಕೈಯಲ್ಲಿ ಸ್ಟಾಪ್‌ವಾಚು, ಇನ್ನೊಂದು ಕೈಯಲ್ಲಿ ನೀರಿನ ಚೊಂಬು ಹಿಡಿದು ಓಡಿದಳು. ಎರಡನ್ನೂ ಅವರ ಕೈಗೆ ಕೊಟ್ಟು, ಕಾರಿಗೆ ಏನಾಗಿದೆ ಎಂದು ನೋಡಲು ಹೋದಳು.

ಮೂರ್ ಮಾರ್ಕೆಟ್ಟಿನ ಹಳೆ ಪುಸ್ತಕದ ಸಾಲಿನಿಂದ ಮಾವ ಇಂಗ್ಲೆಂಡಿನ ಕಾರು ಪತ್ರಿಕೆಗಳನ್ನು ಹೊತ್ತು ತರುತ್ತಿದ್ದರು. ಮಧ್ಯಾಹ್ನ ಗಿರಾಕಿ ಕಡಿಮೆಯಾದಾಗ ಗಲ್ಲಾದ ಹಿಂದೆ ನನ್ನನ್ನು ಕೂರಿಸಿ ಓದಿ ಹೇಳುವರು. ಬೇರೆ ಮಕ್ಕಳು ಪುರಾಣ ಕೇಳಿ ಬೆಳೆದರು, ನಾನು ಇವನ್ನು ಕೇಳಿ ಬೆಳೆದೆ. "ಕೇಳು ವಾಸು, ಇದ್ರ ಎಂಜಿನ್ ಉಂಟಲ್ಲ, ಅದು ಸಂಸಾರಸ್ಥರು ತರಕಾರಿ ತರ್ಲಿಕ್ಕೆ ಹೋಗುವ ಸಣ್ಣ ಕಾರಿನದ್ದು. ಅದನ್ನೇ ತೆಗ್ದು ಇದಕ್ಕೆ ಹಾಕಿದ್ದು. ಇದನ್ನು ತಕೊಂಡು ಆಲ್ಪ್ಸ್ ಪರ್ವತ ಹತ್ತಿದ್ರು ಮಾರಾಯ!" ಎನ್ನುವರು. ಯುದ್ಧ ಮುಗಿದ ಮೇಲೆ ಇಂಗ್ಲೆಂಡಿನಲ್ಲಿ ಖಾಲಿ ಬಿದ್ದ ವಿಮಾನ ಪಟ್ಟಿಗಳಲ್ಲೇ ಅವರ ರೇಸುಗಳು ಬೆಳೆದವಂತೆ. ಅಮೆರಿಕದ ಸೆಬ್ರಿಂಗಿನಲ್ಲೂ ಅಂಥದೇ ಪಟ್ಟಿ. ಅಲ್ಲಿ ಹನ್ನೆರಡು ಗಂಟೆ ಒಂದೇ ಸಮನೆ ಓಡಿ ಈ ಕಪ್ಪೆಗಳು ತಮ್ಮ ವರ್ಗದ ಮೊದಲ ಮೂರು ಸ್ಥಾನವನ್ನೂ ಹೊತ್ತು ತಂದವಂತೆ. "ಅಲ್ಲಿಯೂ ಶೋಲಾವರಂ, ಇಲ್ಲಿಯೂ ಶೋಲಾವರಂ" ಎಂದು ಮಾವ ಕಣ್ಣು ಅಗಲ ಮಾಡುವರು. ನನಗೆ ಮೈ ಜುಂ ಎನ್ನುತ್ತಿತ್ತು. ಮಿನಿ ಕಾರುಗಳ ಕತೆ ಹೇಳುವಾಗ ಮಾತ್ರ ಅವರ ದನಿ ಬದಲಾಗುತ್ತಿತ್ತು. ಮಾಂಟೆ ಕಾರ್ಲೊ ರ್ಯಾಲಿಯಲ್ಲಿ, ಹಿಮದ ಮೇಲೆ, ಮೂರು ಮಿನಿಗಳು ಮೊದಲ ಮೂರು ಸ್ಥಾನದಲ್ಲಿ ಬಂದವು. ದೀಪದ ಬಲ್ಬು ನಿಯಮದ ಪ್ರಕಾರ ಇಲ್ಲ ಎಂದು ಮೂರನ್ನೂ ಹೊರಗೆ ಹಾಕಿದರು. ಮಾವ ಅದನ್ನು ತಮಗೇ ಆದ ಅನ್ಯಾಯ ಎನ್ನುವ ಹಾಗೆ ಹೇಳುವರು. ಆ ದಿನ ಗಲ್ಲಾದಲ್ಲಿ ಚಿಲ್ಲರೆ ತಪ್ಪಾಗಿ ಹೋಗುತ್ತಿತ್ತು.

ಒಂದು ಕತೆಯನ್ನು ಮಾತ್ರ ಅತ್ತೆ ಕೇಳಿ ಕೇಳಿ ಹೇಳಿಸುತ್ತಿದ್ದಳು. ಬೆಲ್ಜಿಯಂನಿಂದ ಹೊರಟು ಬೆಟ್ಟಗಳ ಮೇಲೆ ಹಗಲಿರುಳು ನಿದ್ದೆಯಿಲ್ಲದೆ ಓಡಿ ಮತ್ತೆ ಅಲ್ಲಿಗೇ ಬಂದು ಸೇರುವ ಒಂದು ಭಯಂಕರ ರ್ಯಾಲಿಯಿತ್ತು. ಹೊರಟವರಲ್ಲಿ ಹೆಚ್ಚಿನವರು ಮುಟ್ಟುತ್ತಲೇ ಇರಲಿಲ್ಲ. ಒಂದು ವರ್ಷ ಅದರಲ್ಲಿ ನಮ್ಮ ಸ್ಪ್ರೈಟ್ ಮೂರನೆಯದಾಗಿ ಬಂತು. ಮೊದಲನೆಯದಾಗಿ ಬಂದದ್ದು ಅದರ ಅಕ್ಕ, ಅದೇ ಕಂಪೆನಿಯ ಆರು ಸಿಲಿಂಡರಿನ ದೊಡ್ಡ ಕಾರು. "ಅದನ್ನು ಓಡಿಸಿದ್ದು ಯಾರು?" ಎಂದು ಅತ್ತೆ ಅಡುಗೆಮನೆಯಿಂದಲೇ ಕೇಳುವಳು. ಉತ್ತರ ಅವಳಿಗೆ ಗೊತ್ತಿತ್ತು. "ಇಬ್ರು ಹೆಂಗಸ್ರು" ಎಂದು ಮಾವ ಹೇಳಲೇಬೇಕು. "ಪಕ್ಕದಲ್ಲಿ ಕೂತದ್ದು?" "ಅದೂ ಹೆಂಗಸು. ಅದಕ್ಕೇ ಇಬ್ರು ಅಂದದ್ದಲ್ವಾ ಮಾರಾಯ್ತಿ!" ಒಳಗೆ ರುಬ್ಬುವ ಕಲ್ಲಿನ ಸದ್ದು ಸ್ವಲ್ಪ ಜೋರಾಗುತ್ತಿತ್ತು.

ಯಾಕೆಂದರೆ ಅತ್ತೆಗೆ ಮಾವ ಆ ಕಾರಿನ ಸ್ಟಿಯರಿಂಗ್ ಹಿಡಿಯಲು ಕೊಟ್ಟದ್ದೇ ಇಲ್ಲ. ಬೇರೆ ಕಾರುಗಳನ್ನು ಅತ್ತೆ ಚೆನ್ನಾಗಿ ಓಡಿಸುತ್ತಾಳೆ, ದೀಪಾವಳಿ ಮುನ್ನಾದಿನ ಪುರಸೈವಾಕ್ಕಂ ಬೀದಿಯಲ್ಲಿ ಕಾರು ನುಗ್ಗಿಸಿ ತಂದವಳು ಅವಳು. ಸ್ಪ್ರೈಟಿನಲ್ಲಿ ಮಾತ್ರ ಅವಳ ಜಾಗ ಎಡಗಡೆ ಸೀಟು. ಕೋಡಂಬಾಕ್ಕಂನಲ್ಲಿ ಕನ್ನಡ ಸಿನಿಮಾಗಳು ತಯಾರಾಗುತ್ತಿದ್ದ ಕಾಲದಲ್ಲಿ ಒಮ್ಮೆ ಯಾರೋ ನಮ್ಮ ಕಾರನ್ನು ಒಂದು ಹಾಡಿಗೆ ಕೇಳಿದರು. ನಾಯಕಿ ಕಾರು ಓಡಿಸಬೇಕು, ಅವಳಿಗೆ ಬರುವುದಿಲ್ಲ. ಏನು ಮಾಡಿದರು ಗೊತ್ತೇ? ಮಾವನಿಗೆ ವಿಗ್ಗು ಹಾಕಿ, ತಲೆಗೆ ಗುಲಾಬಿ ಬಣ್ಣದ ಸ್ಕಾರ್ಫು ಕಟ್ಟಿ, ಹಿಂದಿನಿಂದ ಚಿತ್ರ ತೆಗೆದರು! ಓಡಿಸಬಲ್ಲ ಹೆಂಗಸು ಅಲ್ಲೇ ಮರದ ಕೆಳಗೆ ಕಾಫಿ ಕುಡಿಯುತ್ತ ನಿಂತಿದ್ದಳು. ನಾವೆಲ್ಲ ಬಿದ್ದು ಬಿದ್ದು ನಕ್ಕೆವು. ಅತ್ತೆಯೂ ನಕ್ಕಳು. ಈಗ ನೆನೆಸಿಕೊಂಡರೆ ನನಗೆ ಅಷ್ಟು ನಗು ಬರುವುದಿಲ್ಲ.

ಮಾವ ಕೆಟ್ಟವರಲ್ಲ, ತಪ್ಪು ತಿಳಿಯಬೇಡಿ. ಆ ಕಾರಿನ ವಿಷಯದಲ್ಲಿ ಮಾತ್ರ ಅವರಿಗೆ ಮಗುವಿನ ಹಟ. ಎರಡು ವರ್ಷಗಳಿಂದ ಅವರ ಕಣ್ಣಿನ ನಡುಭಾಗ ಮಂಜಾಗುತ್ತ ಬಂತು. ಎದುರಿಗೆ ನಿಂತವರ ಮುಖ ಕಾಣುವುದಿಲ್ಲ, ಅಂಚಿನಲ್ಲಿರುವುದು ಕಾಣುತ್ತದೆ. ನಮ್ಮ ಹತ್ತಿರ ಮಾತಾಡುವಾಗ ನಮ್ಮ ಕಿವಿಯ ಕಡೆ ನೋಡುತ್ತಾರೆ. ಷೆಡ್ಡಿಗೆ ಹೋಗಿ ಕಾರಿನ ಮೂತಿ ಸವರಿ ಬರುತ್ತಾರೆ. ಜನವರಿಯ ಒಂದು ಭಾನುವಾರ ನಾವೆಲ್ಲ ಅವರ ಮನೆಯಲ್ಲಿ ಊಟಕ್ಕೆ ಕೂತಿದ್ದಾಗ ಮಾವ ಸಾರು ಕಲಸುತ್ತ, ಮಳೆ ಬರಬಹುದು ಎನ್ನುವ ದನಿಯಲ್ಲಿ ಹೇಳಿದರು, "ಕೊಯಮತ್ತೂರಿನವರೊಬ್ರು ಕಾರು ಕೇಳಿದ್ದಾರೆ. ಕೊಡುವಾ ಅಂತ ಉಂಟು."

ಅತ್ತೆ ಸೌಟು ಕೆಳಗಿಟ್ಟಳು. "ಯಾವ ಕಾರು?"

"ನಮ್ಮಲ್ಲಿ ಎಷ್ಟು ಕಾರು ಉಂಟು ಮಾರಾಯ್ತಿ? ಓಡಿಸುವವ್ರು ಇಲ್ದೆ ಇಟ್ರೆ ತುಕ್ಕು ಹಿಡೀತದೆ. ಅವ್ರ ಹತ್ರ ದೊಡ್ಡ ಷೆಡ್ ಉಂಟು, ಏಸಿ ಉಂಟು. ಅಲ್ಲಿ ಸುಖವಾಗಿರ್ತದೆ."

"ಓಡಿಸುವವ್ರು ಇಲ್ಲ ಅಂತ ಯಾರು ಹೇಳಿದ್ದು? ನಾನೆಂತ ಸತ್ತು ಹೋಗಿದ್ದೇನಾ?"

"ನೀನು ಓಡಿಸುವುದು ಪವರ್ ಸ್ಟಿಯರಿಂಗಿನ ಗಾಡಿ. ಇದು ಹಾಗಲ್ಲ. ಇದ್ರ ಮೊದಲ ಗೇರು..."

"ಗೊತ್ತುಂಟು. ಪೂರ್ತಿ ನಿಂತ ಮೇಲೆಯೇ ಹಾಕ್ಬೇಕು, ಇಲ್ದಿದ್ರೆ ಕಿರ್ ಅಂತದೆ. ಐವತ್ತು ವರ್ಷ ಪಕ್ಕದಲ್ಲಿ ಕೂತವಳು ನಾನು. ನಿಮ್ಮ ಕೈ ಎಲ್ಲಿ ಹೋಗ್ತದೆ, ಕಾಲು ಯಾವಾಗ ಎತ್ತುತ್ತೀರಿ, ಎಲ್ಲಿ ಹೆದರ್ತೀರಿ, ಎಲ್ಲ ಗೊತ್ತುಂಟು ನಂಗೆ."

"ನಾನು ಹೆದರುವುದಾ!"

"ಎಡಗಡೆ ತಿರುವು ಬಂದ್ರೆ ನಾಲಗೆ ಕಚ್ಚಿಕೊಳ್ತೀರಿ. ಯಾರಿಗೂ ಹೇಳ್ಲಿಲ್ಲ ಇಷ್ಟು ದಿನ."

ಕಾವ್ಯ ನೀರು ಕುಡಿಯುತ್ತಿದ್ದವಳು ಕೆಮ್ಮಿದಳು. ಮಾವ ಅತ್ತೆಯ ಕಿವಿಯ ಕಡೆ ನೋಡಿದರು. ಆಮೇಲೆ ಅವರು ಒಂದು ಒಪ್ಪಂದ ಮುಂದಿಟ್ಟರು. ಫೆಬ್ರವರಿಯ ರ್ಯಾಲಿಯನ್ನು ಅತ್ತೆ ಓಡಿಸಿ ಮುಗಿಸಿ ತೋರಿಸಬೇಕು. ಕಾರನ್ನು ಯಾರೂ ಎಳೆದು ತರಬಾರದು, ರ್ಯಾಲಿಯವರು ಹೊರಗೆ ಹಾಕಬಾರದು. ಮುಗಿಸಿದರೆ ಕಾರು ಮನೆಯಲ್ಲೇ ಇರುತ್ತದೆ. ಇಲ್ಲವಾದರೆ ಮಾರನೆಯ ದಿನ ಸೋಮವಾರ ಕೊಯಮತ್ತೂರಿನವರು ಬಂದು ಒಯ್ಯುತ್ತಾರೆ. "ಆಯ್ತು" ಎಂದಳು ಅತ್ತೆ, ಮತ್ತೆ ಸೌಟು ತೆಗೆದುಕೊಂಡು. "ಪಕ್ಕದಲ್ಲಿ ವಾಸು ಕೂರ್ತಾನೆ." ನನ್ನನ್ನು ಯಾರೂ ಕೇಳಲಿಲ್ಲ.

"ಅಪ್ಪಾ, ಸೀಟ್ ಬೆಲ್ಟ್ ಇರುಕ್ಕಾ ಅದುಲ?" ಎಂದು ಕಾವ್ಯ ನನ್ನ ಕಿವಿಯಲ್ಲಿ ಕೇಳಿದಳು. ಬಾಗಿಲಿಗೆ ಹಿಡಿಯೇ ಇಲ್ಲ ಮಗಳೇ, ಬೆಲ್ಟು ಎಲ್ಲಿಂದ ಬರಬೇಕು?

ರ್ಯಾಲಿಯ ಭಾನುವಾರ ಬೆಳಿಗ್ಗೆ ಎಗ್ಮೋರಿನ ಮೈದಾನದಲ್ಲಿ ಕಾರುಗಳು ಸಾಲಾಗಿ ನಿಂತಿದ್ದವು. ನಾವು ಹೋದಾಗ ಗೇಟು ತೆಗೆದಿರಲಿಲ್ಲ ಎಂದು ಬೇರೆ ಹೇಳಬೇಕೇ? ನಿಯಮಗಳನ್ನು ಓದಿ ಹೇಳಿದರು. ಕಾರಿನಲ್ಲಿ ಹೊರಟ ಇಬ್ಬರೇ ಮುಗಿಸಬೇಕು. ಹೊರಗಿನವರು ಕಾರಿಗೆ ಕೈ ಹಚ್ಚಿದರೆ ಹೊರಕ್ಕೆ. ಕೊನೆಯ ಬಾವುಟ ಕಾಣುವಷ್ಟು ಹತ್ತಿರ ಬಂದ ಮೇಲೆ ನಿಲ್ಲುವ ಹಾಗಿಲ್ಲ. ಅತ್ತೆ ಸಲ್ವಾರ್ ಕಮೀಜು ತೊಟ್ಟು, ಜಡೆ ಎತ್ತಿ ಕಟ್ಟಿ, ಬಲಗಡೆ ಸೀಟಿನಲ್ಲಿ ಬೆನ್ನಿಗೊಂದು ದಿಂಬು ಇಟ್ಟು ಕೂತಿದ್ದಳು. ಮಾವ ಬಾಗಿ, "ಎಂಜಿನ್ ನೀರಿನ ಬಿಸಿ ನೋಡ್ತಾ ಇರು" ಎಂದರು. "ನೀವು ಬಿಸಿಲಲ್ಲಿ ನಿಲ್ಬೇಡಿ" ಎಂದಳು ಅತ್ತೆ. ಕಾವ್ಯ ಅವರನ್ನು ಕರೆದುಕೊಂಡು ಮುಕ್ತಾಯದ ಜಾಗಕ್ಕೆ, ಕೋವಳಂ ಹತ್ತಿರದ ಕಡಲತಡಿಗೆ ಹೊರಟಳು. ನಮ್ಮ ಸರದಿ ಬಂತು, ಬಾವುಟ ಬೀಸಿದರು.

ಅತ್ತೆ ಓಡಿಸಿದ್ದನ್ನು ಹೇಗೆ ಹೇಳಲಿ? ತಿರುಪ್ಪೋರೂರು ದಾಟುವವರೆಗೂ ನಾನು ಕಣ್ಣು ಮುಚ್ಚಿಕೊಂಡೇ ದಾರಿ ಹೇಳಿದೆ. ಆಮೇಲೆ ತೆಗೆದು ನೋಡಿದರೆ ಅವಳ ಕೈಗಳು ತೀರಾ ಶಾಂತವಾಗಿದ್ದವು. ಕೆರೆಯ ಏರಿಯ ಮೇಲೆ, ಎರಡೂ ಕಡೆ ನೀರು ಹೊಳೆಯುತ್ತಿರುವಾಗ, ಒಂದಾದ ಮೇಲೊಂದು ತಿರುವು. ಅವಳು ಕಾರನ್ನು ತಿರುಗಿಸಿದ್ದು ನನಗೆ ಕಾಣಲೇ ಇಲ್ಲ, ಕಾರು ತಾನೇ ತಿರುಗಿತು. ಗೇರು ಕಿರ್ ಎನ್ನಲಿಲ್ಲ. ಎಡಗಡೆ ತಿರುವಿನಲ್ಲಿ ನಾಲಗೆ ಕಚ್ಚಿಕೊಳ್ಳಲಿಲ್ಲ. ಬೆಟ್ಟಗಳ ಮೇಲೆ ನಿದ್ದೆಗೆಟ್ಟು ಓಡಿಸಿದ ಆ ಇಬ್ಬರು ಹೆಂಗಸರು ನನಗೆ ಆವರೆಗೆ ಪತ್ರಿಕೆಯಲ್ಲಿನ ಎರಡು ಹೆಸರು ಅಷ್ಟೆ. ಅಂದು ಅವರು ನನ್ನ ಪಕ್ಕದಲ್ಲೇ ಕೂತಿದ್ದಾರೆ ಅನ್ನಿಸಿತು. ಎಷ್ಟು ಸಂತೋಷವಾಯಿತೆಂದರೆ ಒಂದು ತಿರುವು ಹೇಳುವುದನ್ನೇ ಮರೆತೆ. "ವಾಸೂ, ಬಾಯಿ ತೆಗ್ದು ಕೂತ್ಕೊಳ್ಬೇಡ, ನೊಣ ಹೋಗ್ತದೆ!" ಎಂದು ಅತ್ತೆ ಗದರಿದಳು.

ತಿರುಕ್ಕಳುಕ್ಕುಂಡ್ರಂ ಬಿಟ್ಟು ಸ್ವಲ್ಪ ದೂರದಲ್ಲಿ ಹಿಂದಿನ ಚಕ್ರ ಪಂಕ್ಚರಾಯಿತು. ಬದಲಿ ಚಕ್ರ ಆ ಮುಚ್ಚಳವಿಲ್ಲದ ಡಿಕ್ಕಿಯೊಳಗೆ. ನಾನು ಸೀಟು ಮಡಚಿ ತಲೆ ತೂರಿಸಿದೆ, ಹೆಗಲು ಹೋಯಿತು, ಹೊಟ್ಟೆ ಬಂದಾಗ ನಿಂತೆ. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಅತ್ತೆ ನನ್ನ ಎರಡೂ ಕಾಲು ಹಿಡಿದು ಜಗ್ಗಿ ಹೊರಗೆಳೆದಳು. "ಸರಿ, ನಕರು" ಎಂದು ತಮಿಳಿನಲ್ಲೇ ನನ್ನನ್ನು ಪಕ್ಕಕ್ಕೆ ಸರಿಸಿ, ಕನ್ನಡಕ ನನ್ನ ಕೈಗೆ ಕೊಟ್ಟು, ಒಳಗೆ ಹೊಕ್ಕೇಬಿಟ್ಟಳು. ಹೊರಗೆ ಎರಡು ಪಾದ ಮಾತ್ರ, ಕಾಲುಂಗುರ ಸಮೇತ. ಕತ್ತಲೆಯಿಂದ, "ಹಿಡ್ಕೋ!" ಎಂಬ ದನಿ ಬಂತು, ಹಿಂದೆಯೇ ಚಕ್ರ ಬಂತು. ರಸ್ತೆಯಲ್ಲಿ ಹೋಗುತ್ತಿದ್ದವರು ಬೈಕು ನಿಲ್ಲಿಸಿ ಸಹಾಯಕ್ಕೆ ಬಂದರೆ, ಅತ್ತೆ ಗ್ರೀಸು ಮೆತ್ತಿದ ಕೈ ಎತ್ತಿ, "ವೇಂಡಾಂ, ವೇಂಡಾಂ! ಕಿಟ್ಟ ವರಾದೀಂಗ!" ಎಂದು ಹತ್ತಿರ ಬಾರದಂತೆ ತಡೆದಳು. ನಾವಿಬ್ಬರೇ ಚಕ್ರ ಹಾಕಿದೆವು. ನಾನು ಹಾಕಿದ್ದು ಒಂದು ನಟ್ಟು, ಅದನ್ನೂ ಅವಳು ಮತ್ತೆ ಬಿಗಿ ಮಾಡಿದಳು.

ಇಲ್ಲಿಗೆ ಬಂತು ನೋಡಿ ನನ್ನ ಗಡಿಯಾರದ ಪಾಲು. ಬೆಳಗಿನಿಂದ ನಾನು ಮೊಬೈಲಿನಲ್ಲಿ ಹೊತ್ತು ನೋಡುತ್ತಿದ್ದೆ. ಸೂರು ಇಲ್ಲದ ಕಾರು, ನಮ್ಮ ಚೆನ್ನೈ ಬಿಸಿಲು. ಫೋನು ಕಾದು ಬಾಯಿ ಮುಚ್ಚಿಕೊಂಡಿತ್ತು. ಕೈಗಡಿಯಾರ ನೋಡಿದೆ. "ಅತ್ತೇ, ತುಂಬ ತಡ ಆಯ್ತು! ಓಡ್ಸು, ಓಡ್ಸು!" ಎಂದು ಬೊಬ್ಬೆ ಹೊಡೆದೆ. ಅತ್ತೆ ತುಟಿ ಬಿಗಿದು ಕಾಲು ಒತ್ತಿದಳು. ಆ ಅರ್ಧ ಗಂಟೆ ನಾನು ಶೋಲಾವರಂನ ಹುಲ್ಲಿನ ಮೂಟೆಯ ಆಚೆ ಜನರ ನಡುವೆ ಅಲ್ಲ, ಈಚೆ ರೇಸಿನ ದಾರಿಯಲ್ಲೇ ಇದ್ದೆ. ಗಾಳಿಗೆ ಕೆನ್ನೆ ಅಲುಗುತ್ತಿತ್ತು. ಕಡಲ ರಸ್ತೆಗೆ ಬಂದು ಮುಕ್ತಾಯಕ್ಕೆ ಇನ್ನು ಸ್ವಲ್ಪವೇ ದೂರ ಎನ್ನುವಾಗ ಅತ್ತೆ ಒಂದು ಕೆಂಪು ಕಾರನ್ನು ಹಿಂದೆ ಹಾಕಿದಳು. ಹಾಕಿದವಳೇ ಕಾಲು ಸಡಿಲ ಮಾಡಿದಳು.

"ವಾಸೂ, ಅದು ನಮಗಿಂತ ಮೊದ್ಲು ಹೊರಟ ಗಾಡಿ. ಅದು ಆರಾಮಾಗಿ ಹೋಗ್ತಾ ಉಂಟು. ನಾವ್ಯಾಕೆ ಓಡ್ತಿದ್ದೇವೆ?"

ನಾನು ಮಣಿಕಟ್ಟು ನೋಡಿದೆ. ಆಗ ಹೊಳೆಯಿತು. ನನ್ನ ಮುಖ ನೋಡಿಯೇ ಅತ್ತೆಗೆ ಗೊತ್ತಾಯಿತು. "ಹೋಟ್ಲಿನ ಟೈಮಾ?" ಎಂದಳು. ನಾನು ತಲೆ ಆಡಿಸಿದೆ. ಬಾವುಟ ಕಾಣುವ ತಿರುವಿಗೆ ಮೊದಲೇ, ಒಂದು ಎಳನೀರು ಗಾಡಿಯ ಪಕ್ಕ ಬೇವಿನ ನೆರಳಿನಲ್ಲಿ ಕಾರು ನಿಲ್ಲಿಸಿದಳು. ಎಳನೀರಿನವನು ಮೊಬೈಲಿನಲ್ಲಿ ಸರಿಯಾದ ಹೊತ್ತು ಹೇಳಿದ. ನಮಗೆ ಇನ್ನೂ ಹತ್ತಿರ ಹತ್ತಿರ ಎಂಟು ನಿಮಿಷ ಕಾಯುವುದಿತ್ತು. ನೀರಿನ ಬಿಸಿಯ ಮುಳ್ಳು ಕೊನೆಗೆ ಹೋಗಿ ತಾಗಿತ್ತು. ಎಂಜಿನ್ ನಿಲ್ಲಿಸದಿದ್ದರೆ ಸುಟ್ಟು ಹೋದೀತು. ನಿಲ್ಲಿಸಿದರೆ, ಇಷ್ಟು ಕಾದ ಮೇಲೆ, ಮತ್ತೆ ಎದ್ದೀತೆಂಬ ಭರವಸೆಯಿಲ್ಲ. ಅತ್ತೆ ಒಂದು ಕ್ಷಣ ಸ್ಟಿಯರಿಂಗಿನ ಮೇಲೆ ಹಣೆಯಿಟ್ಟಳು. ಆಮೇಲೆ ನಿಲ್ಲಿಸಿದಳು.

ಎಂಜಿನ್ ಸುಮ್ಮನಾದ ಮೇಲೆ ಕಡಲ ಸದ್ದು ಕೇಳಿಸಿತು. ಕೆಲವು ನಿಮಿಷಗಳಾದ ಮೇಲೆ ತಿರುವಿನ ಕಡೆಯಿಂದ ಒಬ್ಬರು ಮಡಚಿದ ಕೊಡೆ ಊರುತ್ತ, ರಸ್ತೆಯ ಅಂಚು ಹಿಡಿದು ಬೇಗ ಬೇಗ ಬರುವುದು ಕಾಣಿಸಿತು. ಅನಂತ ಮಾವ! ಕಾವ್ಯ ನಿಂಬೆ ಶರಬತ್ತು ತರಲು ಹೋದ ಹೊತ್ತಿನಲ್ಲಿ ಅವರಿಗೆ ದೂರದಿಂದ ಕಾರಿನ ಸದ್ದು ಕೇಳಿಸಿದೆ. ಅಷ್ಟು ಜನರ ಗಲಾಟೆಯಲ್ಲಿ, ಅಷ್ಟು ದೂರದಿಂದ! ಆ ಸದ್ದು ತಿರುವಿನ ಹಿಂದೆ ನಿಂತು ಹೋದದ್ದೂ ಕೇಳಿಸಿದೆ. ಕಾರು ಸತ್ತಿತು ಎಂದುಕೊಂಡು ಹೊರಟು ಬಂದಿದ್ದಾರೆ. ಅಂಗಿ ಬೆವರಿನಲ್ಲಿ ಒದ್ದೆಯಾಗಿತ್ತು.

"ನಿಂತಿತಾ? ಬಿಸಿಗೆ ಪೆಟ್ರೋಲು ಆವಿಯಾಗಿರ್ತದೆ. ನಂಗೆ ಗೊತ್ತುಂಟು ಅದಕ್ಕೆಂತ ಮಾಡ್ಬೇಕಂತ. ಇಳಿ, ಇಳಿ" ಎನ್ನುತ್ತ ಕೈ ಚಾಚಿ ಕಾರನ್ನು ಹುಡುಕಿದರು.

"ಅಲ್ಲೇ ನಿಲ್ಲಿ" ಎಂದಳು ಅತ್ತೆ. "ಹೊರಗಿನವ್ರು ಕೈ ಹಚ್ಚಿದ್ರೆ ನಮ್ಮನ್ನು ತೆಗ್ದು ಹಾಕ್ತಾರೆ."

ಮಾವನ ಕೈ ಗಾಳಿಯಲ್ಲೇ ನಿಂತಿತು. "ನಾನು ಹೊರಗಿನವನಾ ಸರೋಜಾ?"

"ಇವತ್ತಿಗೆ ಹೌದು."

ಅಯ್ಯೋ ದೇವರೇ, ಆ ಹೊತ್ತಿಗೆ ನನಗೆ ಕಾರಿನ ಡಿಕ್ಕಿಯೊಳಗೆ ಹೋಗಿ ಕೂರಬೇಕು ಅನ್ನಿಸಿತು. ಮಾವ ಎರಡು ಹೆಜ್ಜೆ ಹಿಂದೆ ಸರಿದರು. "ಇನ್ನೊಂದು ನಿಮಿಷ ಉಂಟು" ಎಂದೆ ನಾನು, ಎಳನೀರಿನವನ ಮೊಬೈಲು ನೋಡಿ. ಅತ್ತೆ ಸ್ಟಾರ್ಟರಿನ ಗುಂಡಿ ಎಳೆದಳು. ಎಂಜಿನ್ ಗೊರ ಗೊರ ಎಂದಿತು, ಹಿಡಿಯಲಿಲ್ಲ. ಮತ್ತೆ ಎಳೆದಳು. ಹಿಡಿಯಲಿಲ್ಲ. ನಾನು ಮಾವನನ್ನು ನೋಡಿದೆ. ಅವರ ಬೆರಳುಗಳು ಕೊಡೆಯ ಹಿಡಿಯನ್ನು ತಾವೇ ಎಳೆಯುತ್ತಿದ್ದವು, ಬಲಗಾಲು ನೆಲವನ್ನು ಒತ್ತುತ್ತಿತ್ತು. ಏನು ಮಾಡಬೇಕೆಂದು ಅವರಿಗೆ ಗೊತ್ತಿತ್ತು. ಒಂದು ಮಾತು ಹೇಳಿದರೆ ಸಾಕಿತ್ತು. ಅವರು ಬಾಯಿ ಬಿಡಲಿಲ್ಲ. ಬದುಕಿನಲ್ಲಿ ಅವರು ಅಷ್ಟು ಕಷ್ಟಪಟ್ಟು ಸುಮ್ಮನಿದ್ದದ್ದನ್ನು ನಾನು ನೋಡಿಲ್ಲ. ಅತ್ತೆ ಅವರ ಕಡೆ ನೋಡಲೂ ಇಲ್ಲ. ಆಕ್ಸಿಲರೇಟರನ್ನು ತಳಮಟ್ಟ ಒತ್ತಿ ಹಾಗೇ ಹಿಡಿದು, ಮೂರನೆಯ ಸಲ ಗುಂಡಿ ಎಳೆದಳು. ಡಬ್ ಎಂದು ಕಪ್ಪು ಹೊಗೆ ಬಂತು, ಎಂಜಿನ್ ಎದ್ದಿತು!

ಗಂಡನನ್ನು ಬಿಸಿಲಿನಲ್ಲಿ, ರಸ್ತೆಯ ಬದಿಯಲ್ಲಿ ಬಿಟ್ಟು ಸರೋಜತ್ತೆ ಹೊರಟಳು. ತಿರುವು ದಾಟಿದೆವು, ಬಾವುಟ ಕಂಡಿತು, ಹೇಳಿದ ನಿಮಿಷಕ್ಕೆ ಸರಿಯಾಗಿ ಗೆರೆ ದಾಟಿದೆವು. ನಮ್ಮ ವಂಶದಲ್ಲಿ ಮೊದಲ ಬಾರಿಗೆ! ರ್ಯಾಲಿಯವರು ಕಾರ್ಡಿಗೆ ರುಜು ಹಾಕಿ ಕೊಟ್ಟರು, ಯಾರೋ ಚಪ್ಪಾಳೆ ತಟ್ಟಿದರು. ಎಂಜಿನ್ ನಿಲ್ಲಿಸಿ ಅತ್ತೆ ಕನ್ನಡಕ ತೆಗೆದಳು. ಕಣ್ಣಲ್ಲಿ ನೀರು. "ಹೋಗಾ ವಾಸು, ಅವ್ರನ್ನು ಕರ್ಕೊಂಡು ಬಾ. ಬಿಸಿಲಲ್ಲಿ ಬಿಟ್ಟು ಬಂದೆ" ಎಂದಳು.

ನಾನು ಏದುಸಿರು ಬಿಡುತ್ತ ಓಡಿದೆ. ಮಾವ ಬೇವಿನ ಕೆಳಗೆ ಬೋರಲು ಹಾಕಿದ ಬುಟ್ಟಿಯ ಮೇಲೆ ಕೂತಿದ್ದರು. ಕೈಯಲ್ಲಿ ಎಳನೀರು ಇತ್ತು, ಕುಡಿಯುತ್ತಿರಲಿಲ್ಲ. ಕಾರು ಹೋದ ದಿಕ್ಕಿಗೆ ಕಿವಿ ಕೊಟ್ಟಿದ್ದರು. ಎಳನೀರಿನವನಿಗೆ ತಡೆಯಲಾಗದ ಸಿಟ್ಟು ಬಂದಿತ್ತು.

"ಎನ್ನ ಪೆರಿಯವರೇ ಇದು! ಉಂಗ ಕಾರುಲ ಉಂಗಳೈಯೇ ವಿಟ್ಟುಟ್ಟು ಪೋಯಿಟ್ಟಾಂಗಳೇ!" ನಿಮ್ಮ ಕಾರಿನಲ್ಲಿ ನಿಮ್ಮನ್ನೇ ಬಿಟ್ಟು ಹೋದರಲ್ಲ ಎಂದು ಅವನು ಅವರ ಪರವಾಗಿ ಜಗಳಕ್ಕೆ ನಿಂತಿದ್ದ.

ಮಾವ ಕೆನ್ನೆ ಒರೆಸಿಕೊಂಡು ನಕ್ಕರು.

"ಎನ್ ಕಾರ್ ಇಲ್ಲಪ್ಪಾ" ಎಂದರು, ನನ್ನ ಕಾರಲ್ಲಪ್ಪಾ ಎಂದು, ಅತ್ತೆ ಹೋದ ಕಡೆಗೆ ಕೊಡೆ ಚಾಚಿ. "ಅವಂಗ ಕಾರ್."